ಬೆಟ್ಟದ ಬುಡದಿಂದ ಮರಳ ದಿಬ್ಬಕ್ಕೆ: ರಾಯದುರ್ಗ ಸೀಮೆಯಲ್ಲಿ ಒಂದು ದಿನದ ಸೈಕಲ್ ಸುತ್ತು

ಮೊದಲ ಸಲ ಈ ಹಾದಿಗೆ ಸೈಕಲ್ ಇಳಿಸಿದ್ದು ಒಂದು ಜುಲೈ ತಿಂಗಳಲ್ಲಿ. ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗ ಬಿಟ್ಟು ನೇರ ಕಣೇಕಲ್ಲಿನ ಕಡೆಗೆ ಹೊರಟವನಿಗೆ ಪೆಡಲ್ ತುಳಿಯುವುದೇ ಬೇಡ ಎನ್ನುವಂತಿತ್ತು. ವಯಸ್ಸು ನಲವತ್ತು ದಾಟಿದರೂ ಕಾಲಿನಲ್ಲಿ ಇಷ್ಟು ಕಸುವು ಉಳಿದಿದೆಯಲ್ಲ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಮಧ್ಯಾಹ್ನ ಊಟ ಮುಗಿಸಿ ಹ್ಯಾಂಡಲ್ ಊರ ಕಡೆಗೆ ತಿರುಗಿಸಿದಾಗ ಕಸುವು ಯಾರದೆಂದು ಗೊತ್ತಾಯಿತು. ಬೆಳಿಗ್ಗೆ ಬೆನ್ನು ತಳ್ಳಿದ ಗಾಳಿ ಈಗ ಎದೆಗೆ ಕೈ ಕೊಟ್ಟು ನಿಲ್ಲಿಸುತ್ತಿತ್ತು. ಇಳಿಜಾರಿನಲ್ಲೂ ತುಳಿದೇ ಇಳಿದೆ. ಎರಡು ಗಂಟೆಯ ದಾರಿಗೆ ಐದು ಗಂಟೆ ಹಿಡಿಯಿತು. ಮನೆ ಮುಟ್ಟಿದಾಗ ಹುಬ್ಬಿನ ಮೇಲೆ ಉಪ್ಪು ಕಟ್ಟಿತ್ತು.

ಆಮೇಲೆ ಈ ಸುತ್ತನ್ನು ಎಷ್ಟು ಸಲ ಹಾಕಿದ್ದೇನೋ ಲೆಕ್ಕವಿಟ್ಟಿಲ್ಲ, ಹಾಗೆ ನೋಡಿದರೆ ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುವುದೇ ನನ್ನ ಕೆಲಸ. ಬಿಡುವಿರುವುದು ಭಾನುವಾರ ಒಂದೇ. ಆ ಒಂದು ದಿನದಲ್ಲಿ ಕಲ್ಲುಬೆಟ್ಟ, ಎರೆ ಹೊಲ, ಭತ್ತದ ಗದ್ದೆ, ರಾಜಸ್ಥಾನದ ಚಿತ್ರದಿಂದ ಕಿತ್ತು ತಂದಂತಿರುವ ಮರಳ ದಿಬ್ಬ, ಎಲ್ಲವನ್ನೂ ನೋಡಿ ಕತ್ತಲಾಗುವುದರೊಳಗೆ ಮನೆ ಸೇರಬಹುದು. ಬಳ್ಳಾರಿ, ಚಳ್ಳಕೆರೆ, ಮೊಳಕಾಲ್ಮೂರಿನಿಂದ ಬರುವ ಗೆಳೆಯರು ಪ್ರತಿ ಸಲವೂ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಡುತ್ತಿದ್ದೇನೆ.

ಯಾವ ತಿಂಗಳು, ಯಾವ ದಿಕ್ಕು

ಬಯಲುಸೀಮೆಯಲ್ಲಿ ಸೈಕಲ್ ತುಳಿಯುವವರು ಏರಿಗೆ ಹೆದರುತ್ತಾರೆ. ಏರು ಎದುರಿಗೆ ಕಾಣುತ್ತದೆ, ಎಲ್ಲಿ ಮುಗಿಯುತ್ತದೆಂದೂ ಕಾಣುತ್ತದೆ, ಮುಗಿದ ಮೇಲೆ ಇಳಿಜಾರನ್ನು ಕೈಗಿಡುತ್ತದೆ. ಗಾಳಿಗೆ ಆ ಮರ್ಯಾದೆ ಇಲ್ಲ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಅಷ್ಟೇ ವೇಗದ ಗಾಳಿ ಎದುರಾದರೆ ಮೈಗೆ ತಗಲುವುದು 30ರ ಗಾಳಿ. ಅದರ ತಡೆ ಹೆಚ್ಚುವುದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆದ್ದರಿಂದ ಇಲ್ಲಿ ನಕ್ಷೆಯನ್ನು ಆಮೇಲೆ ನೋಡಿ, ಮೊದಲು ಗಾಳಿಯನ್ನು ನೋಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ಮುಂಗಾರಿನ ಮೋಡ ತನ್ನ ನೀರನ್ನೆಲ್ಲ ಪಶ್ಚಿಮಘಟ್ಟದ ಮೇಲೆ ಸುರಿದು ಬರಿಗೈಯಲ್ಲಿ ನಮ್ಮ ಕಡೆ ಬರುತ್ತದೆ. ಇಲ್ಲಿಗೆ ಬರುವಾಗ ಉಳಿದಿರುವುದು ಗಾಳಿ ಮಾತ್ರ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳ ಸಾಲಿನಲ್ಲಿ ಇದರ ಹೆಸರು ಯಾವಾಗಲೂ ಇರುತ್ತದೆ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆಗ ಬರುತ್ತೇನೆನ್ನುವವರನ್ನು ನಾನು ಕೈಮುಗಿದು ತಡೆಯುತ್ತೇನೆ.

ಬರಬೇಕಾದದ್ದು ನವೆಂಬರ್ ಕೊನೆಯಿಂದ ಫೆಬ್ರುವರಿ ನಡುವೆ. ಆಗ ಗಾಳಿ ತಿರುಗಿರುತ್ತದೆ, ಪೂರ್ವ, ಈಶಾನ್ಯದಿಂದ ಮೆಲ್ಲಗೆ ಬೀಸುತ್ತದೆ. ಅದಕ್ಕೆ ತಕ್ಕಂತೆ ದಾರಿ ಹೀಗೆ: ರಾಯದುರ್ಗದಿಂದ ಉತ್ತರಕ್ಕೆ ಡಿ. ಹಿರೇಹಾಳ್, ಅಲ್ಲಿಂದ ಪೂರ್ವಕ್ಕೆ ಬೊಮ್ಮನಹಾಳ್, ಮುಂದೆ ದರ್ಗಾ ಹೊನ್ನೂರಿನ ಮರಳು, ಆಮೇಲೆ ಕಣೇಕಲ್ಲು, ಕೊನೆಗೆ ನೈರುತ್ಯಕ್ಕೆ ತಿರುಗಿ ಮತ್ತೆ ರಾಯದುರ್ಗ. ಅಲ್ಲಿ ಇಲ್ಲಿ ಅಡ್ಡಾಡಿದ್ದೂ ಸೇರಿದರೆ ನೂರು ಕಿಲೋಮೀಟರಿನ ಆಸುಪಾಸು. ಮೈಯಲ್ಲಿ ಶಕ್ತಿ ಇರುವ ಬೆಳಗಿನ ಹೊತ್ತು ಗಾಳಿಗೆ ಎದುರಾಗಿ ಹೋಗುತ್ತೀರಿ, ಸುಸ್ತಾದ ಸಂಜೆ ಅದೇ ಗಾಳಿ ಮನೆಗೆ ತಂದುಬಿಡುತ್ತದೆ. ಇದೇ ಸುತ್ತನ್ನು ತಿರುಗಾಮುರುಗಾ ಹಾಕಿದರೆ ನನ್ನ ಜುಲೈ ತಿಂಗಳ ಕಥೆ ನಿಮ್ಮದಾಗುತ್ತದೆ.

ಹಿಂದಿನ ಸಂಜೆ: ಬೆಟ್ಟ ಹತ್ತಿ

ಬಳ್ಳಾರಿಯಿಂದ ರಾಯದುರ್ಗಕ್ಕೆ ಬಸ್ಸೂ ಇದೆ, ರೈಲೂ ಇದೆ. ಶನಿವಾರ ಮಧ್ಯಾಹ್ನವೇ ಬಂದುಬಿಡಿ. ಸೈಕಲ್ಲನ್ನು ಇಳಿದುಕೊಂಡಲ್ಲಿಯೇ ಬಿಟ್ಟು ದುರ್ಗದ ಬೆಟ್ಟ ಹತ್ತಿ. ಬಂಡೆಗಳ ನಡುವಿನ ಕೋಟೆ, ದೇವಸ್ಥಾನಗಳು, ಜೈನ ಶಿಲ್ಪಗಳು ನೋಡುವಂಥವೇ; ಊರಿನಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ದಶಭುಜ ಗಣಪತಿಯೂ ಇದ್ದಾನೆ. ಆದರೆ ನಾನು ಬೆಟ್ಟ ಹತ್ತಲು ಹೇಳುವುದು ನಾಳೆಯ ದಾರಿಯನ್ನು ಮೇಲಿನಿಂದ ಒಮ್ಮೆ ನೋಡಲಿ ಎಂದು.

ಮೇಲೆ ನಿಂತು ದೂರದ ಗಾಳಿಯಂತ್ರಗಳನ್ನು ಹುಡುಕಿ. ಅವುಗಳ ರೆಕ್ಕೆಯ ಮುಖ ಎತ್ತ ತಿರುಗಿದೆಯೋ ಗಾಳಿ ಬರುತ್ತಿರುವುದು ಆ ಕಡೆಯಿಂದ; ರೆಕ್ಕೆಗಳು ಕಂಬದ ಮುಂದೆ, ಗಾಳಿಗೆ ಮುಖ ಕೊಟ್ಟು ನಿಲ್ಲುವಂತೆ ಯಂತ್ರ ತನ್ನಷ್ಟಕ್ಕೇ ತಿರುಗಿಕೊಳ್ಳುತ್ತದೆ. ಮೊಬೈಲಿನ ಹವಾಮಾನಕ್ಕಿಂತ ನಾನು ಇದನ್ನೇ ನಂಬುತ್ತೇನೆ. ಊರಿನ ಅಡುಗೆಮನೆಗಳ ಹೊಗೆ, ಕಸಕ್ಕೆ ಹಚ್ಚಿದ ಬೆಂಕಿಯ ಹೊಗೆ ವಾಲುವ ದಿಕ್ಕನ್ನೂ ನೋಡಿ. ಮೇಲೂ ಕೆಳಗೂ ಒಂದೇ ದಿಕ್ಕಾದರೆ ನಾಳೆಯ ಲೆಕ್ಕ ಗಟ್ಟಿ. ಕತ್ತಲಾಗುವ ಮೊದಲು ಇಳಿಯಿರಿ, ಕಲ್ಲುಗಳು ನಯವಾಗಿವೆ.

ಸೈಕಲ್ ಮತ್ತು ಗಂಟುಮೂಟೆ

ದುಬಾರಿ ಸೈಕಲ್ ಬೇಕಿಲ್ಲ. ಗೇರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಈ ಸೀಮೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಒಂಟಿ ಗೇರಿನಲ್ಲೇ ಜೀವನ ಸಾಗಿಸಿದವರು ನಕ್ಕಾರು. ಟೈರು ಮಾತ್ರ ಅಗಲವಾಗಿರಲಿ, 35ರಿಂದ 40 ಮಿಲಿಮೀಟರ್. ರೇಸಿನ ತೆಳು ಟೈರು ತಂದವರು ಮರಳಿನಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಡಾಂಬರಿನಲ್ಲಿ ಪಂಪಿನ ಮುಳ್ಳು 50ರಿಂದ 55 ಪಿಎಸ್‌ಐ ತೋರಿಸುವಷ್ಟು ಗಾಳಿ ಸಾಕು.

ಚೈನಿಗೆ ಹಿಂದಿನ ರಾತ್ರಿ ಎಣ್ಣೆ ಬಿಟ್ಟು, ಅರ್ಧ ಗಂಟೆ ಕಳೆದ ಮೇಲೆ ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಎಣ್ಣೆ ಇರಬೇಕಾದದ್ದು ಕೊಂಡಿಯ ಒಳಗೆ. ಹೊರಗೆ ಜಿಡ್ಡು ಉಳಿದರೆ ಮರಳು ಅದಕ್ಕೆ ಅಂಟಿ ಉಪ್ಪುಕಾಗದದಂತೆ ಚೈನನ್ನೂ ಹಲ್ಲುಚಕ್ರವನ್ನೂ ತಿಂದುಹಾಕುತ್ತದೆ. ಗ್ರೀಸು ಮೆತ್ತಿದ ಚೈನು ಮರಳ ದಾರಿಗೆ ತರಲೇಬಾರದು.

ಚೀಲದಲ್ಲಿ ಇರಬೇಕಾದವು: ಎರಡು ಟ್ಯೂಬು, ಪಂಪು, ಟೈರ್ ಲಿವರ್, ಪ್ಯಾಚು, ಸಲ್ಯೂಷನ್, ಉಪ್ಪುಕಾಗದ, ಅಲೆನ್ ಕೀ, ಒಂದು ಚಿಮುಟ. ಚಿಮುಟ ಏಕೆಂಬುದು ಮುಂದೆ ತಿಳಿಯುತ್ತದೆ. ಕ್ಯಾಪು, ತೋಳು ಮುಚ್ಚುವ ತೆಳು ಹತ್ತಿ ಅಂಗಿ, ಮೂಗಿಗೆ ಕಟ್ಟಲು ಒಂದು ಟವೆಲು, ಮುಂದಿನ ಹಿಂದಿನ ದೀಪ. ನೀರು ಮೂರು ಲೀಟರಿಗೆ ಕಡಿಮೆ ಬೇಡ. ತಿನ್ನಲು ಶೇಂಗಾ ಮತ್ತು ಬೆಲ್ಲ. ಅಂಗಡಿಯ ಬಣ್ಣದ ಕಾಗದದ ಎನರ್ಜಿ ಬಾರುಗಳಿಗೆ ದುಡ್ಡು ಸುರಿಯಬೇಡಿ, ನೀವು ಹೋಗುತ್ತಿರುವುದೇ ಶೇಂಗಾದ ಜಿಲ್ಲೆಗೆ.

ಹೊರಡುವುದು

ಡಿಸೆಂಬರಿನಲ್ಲಿ ಸೂರ್ಯ ಮೂಡುವುದು ಆರೂವರೆಯ ಸುಮಾರಿಗೆ. ಆರಕ್ಕೇ ದೀಪ ಹಚ್ಚಿಕೊಂಡು ಹೊರಡಿ. ಈ ಎರಡು ಮೂರು ಗಂಟೆ ಬಂಗಾರ. ರಾತ್ರಿ ತಣ್ಣಗಾದ ನೆಲದ ಮೇಲೆ ಗಾಳಿ ಅಲುಗದೆ ಮಲಗಿರುತ್ತದೆ. ಒಂಬತ್ತು, ಒಂಬತ್ತೂವರೆಗೆ ನೆಲ ಕಾದು ಮೇಲಿನ ಗಾಳಿಯೂ ಕೆಳಗಿನದೂ ಕಲೆಯಲು ಶುರುವಾದ ಮೇಲೆಯೇ ಅದಕ್ಕೆ ಎಚ್ಚರವಾಗುವುದು. ಎದುರುಗಾಳಿಯ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆ ನಿದ್ದೆಯಲ್ಲೇ ದಾಟಿಬಿಡಬೇಕು. ಚಹಾದಂಗಡಿಯಲ್ಲಿ ಪಟ ತೆಗೆದುಕೊಳ್ಳುತ್ತ ಅರ್ಧ ಗಂಟೆ ಕಳೆದರೆ ಆ ಅರ್ಧ ಗಂಟೆಯನ್ನು ಹನ್ನೊಂದರ ಬಿಸಿಲಿನಲ್ಲಿ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಡಿ. ಹಿರೇಹಾಳಿನ ಕಡೆಗೆ ಸಾಗುವಾಗ ಸಣ್ಣಪುಟ್ಟ ಏರುಗಳು ಬರುತ್ತವೆ, ಎಡಕ್ಕೂ ಬಲಕ್ಕೂ ಗುಡ್ಡಗಳು. ಉತ್ತರಕ್ಕೆ ಓಬಳಾಪುರದ ಕಡೆಯ ಅದಿರಿನ ಬೆಟ್ಟಗಳು ಕೆಂಪಗೆ ಕಾಣುತ್ತವೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ನಡುವೆ ಜಗ್ಗಾಡಿ ಬದಲಿಸಿದರೆ ಚೈನು ಕಳಚುತ್ತದೆ. ಸೀಟಿನ ಮೇಲೆ ಕುಳಿತೇ, ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವಷ್ಟು ಉಸಿರಿನಲ್ಲಿ ಹತ್ತಿ. ಮಾತು ತುಂಡಾಗತೊಡಗಿದರೆ ಜೋರಾಯಿತು ಎಂದರ್ಥ. ಲಾರಿಗಳು ಓಡಾಡುತ್ತವೆ, ಅಂಚು ಬಿಟ್ಟು ನಡುರಸ್ತೆಗೆ ಬರಬೇಡಿ.

ಬೆಳಗಿನ ತಿಂಡಿಗೆ ಉಗ್ಗಾಣಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ ಒಗ್ಗರಣೆ, ಮೇಲೆ ಹುರಿಗಡಲೆ ಪುಡಿ: ಹೊಟ್ಟೆಗೆ ಹಗುರ, ಕಾಲಿಗೆ ಬೇಗ ಇಳಿಯುತ್ತದೆ. ಜೊತೆಗೆ ಮಿರ್ಚಿ ಬರುತ್ತದೆ. ಅದನ್ನು ಬಿಡಿ ಎಂದು ಬರೆಯಲು ನನಗೆ ಅಧಿಕಾರವಿಲ್ಲ, ನಾನೇ ಬಿಟ್ಟಿಲ್ಲ. ಒಂದಕ್ಕೆ ನಿಲ್ಲಿಸಿ ಎಂದಷ್ಟೇ ಹೇಳಬಲ್ಲೆ.

ಇಲ್ಲಿ ಮಾತಿಗೆ ತೊಂದರೆ ಇಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ತಾಲೂಕುಗಳು ಮೈಸೂರಿಗೆ. ಮನೆಯೊಳಗಿನ ಮಾತು ಅದರಿಂದೇನೂ ಬದಲಾಗಲಿಲ್ಲ. ಚಹಾದಂಗಡಿಯಲ್ಲಿ ಕನ್ನಡದಲ್ಲೇ ದಾರಿ ಕೇಳಿ, ಕನ್ನಡದಲ್ಲೋ ತೆಲುಗಿನಲ್ಲೋ ಎರಡೂ ಕಲೆತೋ ಉತ್ತರ ಬರುತ್ತದೆ. ಕೇಳುವಾಗ ಅಣ್ಣಾ, ಅಕ್ಕಾ, ವಯಸ್ಸಾದವರಿದ್ದರೆ ಅಜ್ಜಾ ಎನ್ನಿ. ಫಲಕಗಳು ತೆಲುಗಿನಲ್ಲಿರುತ್ತವೆ, ಗಾಬರಿ ಬೇಡ. ಅಕ್ಷರದ ಮೈ ಬಹುತೇಕ ನಮ್ಮದೇ. ನಮ್ಮ ಅಕ್ಷರಗಳಿಗೆ ಅಡ್ಡವಾಗಿರುವ ತಲೆಕಟ್ಟು ಅವರಲ್ಲಿ ಸರಿ ಗುರುತಿನಂತೆ ಓರೆಯಾಗಿರುತ್ತದೆ. ಎರಡು ಮೂರು ಊರಿನ ಹೆಸರು ತಡವರಿಸಿ ಓದುವಷ್ಟರಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ.

ಮೂರು ನೆಲ, ಮೂರು ನಡೆ

ಈ ಸುತ್ತಿನ ನಿಜವಾದ ಪಾಠ ಇರುವುದು ನೆಲದಲ್ಲಿ. ಡಾಂಬರಿನಲ್ಲಷ್ಟೇ ಹೋಗಿ ಬರುವವರಿಗೆ ಇದು ಬೇಡ. ಅಡ್ಡದಾರಿ ಹಿಡಿಯುವವರಿಗೆ ಬೇಕೇ ಬೇಕು.

ರಾಯದುರ್ಗದ ಸುತ್ತ ಇರುವುದು ಮಸಾರಿ, ಕೆಂಪು ಗರಸು ನೆಲ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಮಣ್ಣಿನ ದಾರಿ ಇಲ್ಲ. ಮಳೆ ಬಂದರೂ ನೀರು ಇಂಗುತ್ತದೆ, ಚಕ್ರ ಹಿಡಿತ ಬಿಡುವುದಿಲ್ಲ. ತಿರುವಿನಲ್ಲಿ ಸಡಿಲ ಗರಸಿನ ಮೇಲೆ ಮುಂದಿನ ಬ್ರೇಕ್ ಹಿಡಿಯಬೇಡಿ, ಅಷ್ಟೇ. ನನ್ನ ಎಡ ಮೊಣಕೈಯ ಮೇಲೆ ಅದರ ರಸೀತಿ ಇದೆ.

ಬೊಮ್ಮನಹಾಳ್ ಹತ್ತಿರವಾಗುತ್ತಿದ್ದಂತೆ ಮಣ್ಣು ಕಪ್ಪಾಗುತ್ತದೆ. ಎರೆ. ಒಣಗಿದ್ದಾಗ ಗಾಡಿಯ ಜಾಡು ಕಲ್ಲಿನಂತೆ ಗಟ್ಟಿ. ಮುಂದಿನ ಚಕ್ರ ಆ ಜಾಡಿನೊಳಗೆ ಇಳಿದರೆ ಅದು ಕರೆದುಕೊಂಡು ಹೋದಲ್ಲಿಗೇ ಹೋಗಬೇಕು. ಜಾಡುಗಳ ನಡುವಿನ ಏರಿನ ಮೇಲೆ ಓಡಿಸಿ. ಮಳೆ ಬಿದ್ದು ಎರಡು ದಿನವಾಗುವ ತನಕ ಎರೆ ಹೊಲದ ದಾರಿಗೆ ಸೈಕಲ್ ಇಳಿಸಲೇಬೇಡಿ. ನಾನೊಮ್ಮೆ ಇಳಿಸಿದೆ. ಮೊದಲ ಹತ್ತು ಮಾರಿಗೆ ಮಣ್ಣು ಟೈರಿಗೆ ಹತ್ತಿತು, ಮುಂದಿನ ಹತ್ತು ಮಾರಿಗೆ ಮಡ್‌ಗಾರ್ಡಿನೊಳಗೆ ತುಂಬಿತು, ಅಲ್ಲಿಂದ ಚಕ್ರ ಉರುಳುವುದು ಬಿಟ್ಟು ಜಾರತೊಡಗಿತು. ಕಡ್ಡಿಯಿಂದ ಕೆರೆದು ತೆಗೆದೆ, ಐದು ಮಾರಿಗೆ ಮತ್ತೆ ತುಂಬಿತು. ಕೊನೆಗೆ ಸೈಕಲ್ ಎತ್ತಿಕೊಂಡೆ; ಮಣ್ಣು ಸೇರಿ ಅದರ ತೂಕ ಎರಡರಷ್ಟಾದಂತಿತ್ತು, ಚಪ್ಪಲಿಗೆ ಅಂಟಿದ ಮಣ್ಣಿನಿಂದ ನಾನೂ ಒಂದು ಗೇಣು ಎತ್ತರವಾಗಿದ್ದೆ.

ಮೂರನೆಯದು ಮರಳು. ಅದಕ್ಕೆ ಒಂದು ಕಾರಣವಿದೆ, ಅದು ಹಗರಿ. ಬಾಬಾಬುಡನ್‌ಗಿರಿಯ ಕಡೆ ಹುಟ್ಟಿ, ಚಿತ್ರದುರ್ಗ ಜಿಲ್ಲೆಯಲ್ಲಿ ವೇದಾವತಿ ಎನ್ನಿಸಿಕೊಂಡು ಬರುವ ನದಿ ನಮ್ಮಲ್ಲಿ ಹಗರಿ. ಮೇಲೆ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ನಮ್ಮ ತಾಲೂಕಿನ ಬಾಗಿಲಲ್ಲಿ ಭೈರವಾನಿತಿಪ್ಪ ಅಣೆಕಟ್ಟು. ಎರಡನ್ನೂ ದಾಟಿ ನೀರು ಕೆಳಗೆ ಬರುವುದು ಅಪರೂಪ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಕೋಡಿ ಬಿದ್ದಾಗ ಹೊಳೆ ನೋಡಲು ಇಲ್ಲಿನ ಜನ ಜಾತ್ರೆಗೆ ಹೋದಂತೆ ಹೋದರು. ಉಳಿದ ಬಹುತೇಕ ವರ್ಷಗಳಲ್ಲಿ ಹಗರಿಯೆಂದರೆ ಅಗಲವಾದ ಒಣ ಮರಳ ಪಾತ್ರ. ಮುಂಗಾರಿನ ಒಣ ಗಾಳಿ ಆ ಮರಳನ್ನೆತ್ತಿ ದಂಡೆಯಾಚೆಯ ಹೊಲಗಳ ಮೇಲೆ ಹಾಕುತ್ತ ಬಂದಿದೆ. ದರ್ಗಾ ಹೊನ್ನೂರು, ಗೋವಿಂದವಾಡದ ಸುತ್ತ ಹೀಗೆ ದಿಬ್ಬಗಳು ಬೆಳೆದಿವೆ. ಗಾಳಿ ತಡೆಯಲು ಮರ ನೆಟ್ಟಿರುವುದೂ ಕಾಣುತ್ತದೆ, ಆ ಮರದ ಬುಡ ಮುಚ್ಚಿರುವುದೂ ಕಾಣುತ್ತದೆ. ನಮಗೆ ಪಟ ತೆಗೆಯುವ ಜಾಗ. ಹೊಲ ಕಳೆದುಕೊಂಡವರಿಗೆ ಹಾಗಲ್ಲ. ಬೇಲಿ ದಾಟುವ ಮುನ್ನ, ಬೆಳೆ ಇರುವ ಕಡೆ ಕಾಲಿಡುವ ಮುನ್ನ ಒಂದು ಮಾತು ಕೇಳಿ.

ಮರಳ ದಾರಿ ಶುರುವಾಗುವಲ್ಲಿ ಇಳಿದು ಎರಡೂ ಟೈರಿನ ಗಾಳಿಯನ್ನು 35ರವರೆಗೆ ಬಿಡಿ. ಟೈರು ಚಪ್ಪಟೆಯಾಗಿ ಅಗಲ ಜಾಗದ ಮೇಲೆ ಕೂರುತ್ತದೆ, ಹೂತುಹೋಗುವುದು ಕಡಿಮೆಯಾಗುತ್ತದೆ. ಹಗುರ ಗೇರಿನಲ್ಲಿ, ತಡೆಯದೆ, ಒಂದೇ ಲಯದಲ್ಲಿ ತುಳಿಯಿರಿ. ಮೈಯ ಭಾರ ಹಿಂದಿರಲಿ. ಹ್ಯಾಂಡಲನ್ನು ಬಿಗಿಹಿಡಿದು ತಿದ್ದಲು ಹೋಗಬೇಡಿ, ಮುಂದಿನ ಚಕ್ರ ಸ್ವಲ್ಪ ಅತ್ತಿತ್ತ ಆಡಿಕೊಂಡೇ ದಾರಿ ಮಾಡಿಕೊಳ್ಳುತ್ತದೆ. ಮರಳಿನ ಮೇಲೆ ಗರಿಕೆಯೋ ಒಣ ಹುಲ್ಲೋ ಇರುವ ಅಂಚು ಹುಡುಕಿ, ಬೇರು ಹಿಡಿದ ಮರಳು ಗಟ್ಟಿ. ಇಷ್ಟೆಲ್ಲ ಮಾಡಿಯೂ ಒಂದು ಹಂತದಲ್ಲಿ ನಿಂತುಹೋಗುತ್ತೀರಿ. ನಾನು ಹಾಗೆ ನಿಂತು, ಮತ್ತೆ ಹತ್ತಿ, ಮತ್ತೆ ಬಿದ್ದು ಒದ್ದಾಡುತ್ತಿದ್ದಾಗ ಕುರಿ ಬಿಟ್ಟುಕೊಂಡು ನೋಡುತ್ತಿದ್ದ ಅಜ್ಜನೊಬ್ಬ, “ತಮ್ಮಾ, ಮರಳಿನಲ್ಲಿ ಗಾಡಿಯವನೇ ಇಳಿದು ಎತ್ತಿನ ಜೊತೆ ನಡೆಯುತ್ತಾನೆ. ನಿನಗೇನು ನಾಚಿಕೆ?” ಎಂದ. ಅಂದಿನಿಂದ ಇಳಿದು ತಳ್ಳುತ್ತೇನೆ. ತಳ್ಳುವಾಗ ಸೈಕಲ್ ನಿಮ್ಮ ಎಡಕ್ಕಿರಲಿ. ಚೈನು ಬಲಗಡೆ ಇರುವುದರಿಂದ ಪ್ಯಾಂಟು ಮಸಿಯಾಗುತ್ತದೆ, ಆದರೆ ಸೈಕಲ್ ಮರಳಿಗೆ ವಾಲಿದಾಗ ಗೇರು ಹೂಳದೆ ಉಳಿಯುತ್ತದೆ. ದಿಬ್ಬದ ನೆತ್ತಿಗೆ ಸೈಕಲ್ ಒಯ್ಯುವುದು ವ್ಯರ್ಥ. ಕೆಳಗೆ ಮರಕ್ಕೆ ಒರಗಿಸಿ, ಬರಿಗಾಲಿನಲ್ಲಿ ಹತ್ತಿ. ಹತ್ತು ಗಂಟೆಯೊಳಗಾದರೆ ಕಾಲಿಗೆ ಮರಳು ಇನ್ನೂ ತಣ್ಣಗಿರುತ್ತದೆ, ರಾತ್ರಿ ಓಡಾಡಿದ ಹುಳುಗಳ ಹೆಜ್ಜೆಸಾಲು ಅಳಿಸಿರುವುದಿಲ್ಲ.

ಹೊನ್ನೂರಿನ ದರ್ಗಾಕ್ಕೆ ಬರುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಹೊನ್ನೂರಸ್ವಾಮಿ, ಹೊನ್ನೂರವಲಿ ಎಂಬ ಹೆಸರುಗಳು ನಮ್ಮ ಸೀಮೆಯಲ್ಲಿ ಕರೆದರೆ ನಾಲ್ಕು ಜನ ತಿರುಗಿ ನೋಡುವಷ್ಟು. ಒಳಗೆ ಹೋಗುವುದಾದರೆ ತಲೆಗೆ ಟವೆಲು ಹಾಕಿಕೊಳ್ಳಿ, ಸೈಕಲ್ ತುಳಿಯುವ ಬಿಗಿ ಚಡ್ಡಿಯ ಮೇಲೆ ಒಂದು ಪ್ಯಾಂಟೋ ಲುಂಗಿಯೋ ಇರಲಿ.

ಬಳ್ಳಾರಿ ಜಾಲಿ

ಪಂಕ್ಚರ್ ಆಗುತ್ತದೆಯೇ ಎಂದು ಕೇಳಬೇಡಿ, ಎಷ್ಟಾಗುತ್ತದೆ ಎಂದು ಕೇಳಿ. ದಾರಿಯ ಎರಡೂ ಬದಿಗೆ ಬಳ್ಳಾರಿ ಜಾಲಿ. ಸೌದೆಗೆ ಕಡಿದವರು ಎಳೆದೊಯ್ಯುವಾಗ ಉದುರಿದ ಮುಳ್ಳು ಎರಡು ಅಂಗುಲದವರೆಗೂ ಇರುತ್ತದೆ. ನೆಲದಲ್ಲಿ ಹಬ್ಬುವ ನೆಗ್ಗಿಲು ಬೇರೆ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕಿರುತ್ತದೆ. ಮರದ ನೆರಳು ಕಂಡಿತೆಂದು ಸೈಕಲ್ ಉರುಳಿಸಿಕೊಂಡು ಅದರಡಿ ಹೋಗುವುದೇ ಹೆಚ್ಚಿನ ಪಂಕ್ಚರುಗಳಿಗೆ ಕಾರಣ. ಸೈಕಲ್ ರಸ್ತೆಯಂಚಿಗೆ ಬಿಡಿ, ನೆರಳಿಗೆ ನೀವು ಹೋಗಿ. ಹೋಗಲೇಬೇಕಾದರೆ ಎತ್ತಿಕೊಂಡು ಹೋಗಿ.

ಟ್ಯೂಬು ಬದಲಿಸುವುದು ಎಲ್ಲರಿಗೂ ಗೊತ್ತು. ಬದಲಿಸಿದ ಹತ್ತೇ ನಿಮಿಷಕ್ಕೆ ಹೊಸ ಟ್ಯೂಬೂ ಕೂತುಬಿಡುವುದು ಏಕೆಂದು ಗೊತ್ತಿರುವುದಿಲ್ಲ. ಜಾಲಿಮುಳ್ಳು ಒಳಗೆ ಮುರಿದು ಟೈರಿನ ದಪ್ಪದಲ್ಲೇ ಅಡಗಿರುತ್ತದೆ. ಹೊರಗಿನಿಂದ ಒಂದು ಕಪ್ಪು ಚುಕ್ಕೆ ಮಾತ್ರ, ಅದೂ ಎರೆಮಣ್ಣಿನ ಕಣದಂತೆ. ಹೀಗೆ ಮಾಡಿ. ಟ್ಯೂಬು ತೆಗೆಯುವಾಗ ವಾಲ್ ಇದ್ದ ಜಾಗಕ್ಕೆ ಟೈರಿನ ಮೇಲೆ ಒಂದು ಗುರುತು ಹಾಕಿ. ಟ್ಯೂಬಿಗೆ ಸ್ವಲ್ಪ ಗಾಳಿ ಹೊಡೆದು ತುಟಿಯ ಹತ್ತಿರ ಹಿಡಿದು ತಿರುಗಿಸಿ. ಕಿವಿಗೆ ಕೇಳದ ಸಣ್ಣ ತೂತು ಒದ್ದೆ ತುಟಿಗೆ ತಣ್ಣಗೆ ತಾಗುತ್ತದೆ. ವಾಲ್‌ನಿಂದ ಆ ತೂತು ಎಷ್ಟು ಗೇಣು ದೂರವೋ ಟೈರಿನ ಗುರುತಿನಿಂದ ಎರಡೂ ಕಡೆಗೆ ಅಷ್ಟೇ ಗೇಣು ಅಳೆದು ನೋಡಿ. ಟೈರಿನೊಳಗೆ ಬೆರಳನ್ನು ಒತ್ತಿ ಎಳೆಯಬೇಡಿ, ಗೀರುತ್ತದೆ. ಟವೆಲಿನ ತುದಿ ಸವರಿ. ಎಲ್ಲಿ ನೂಲು ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳಿದೆ. ಟೈರನ್ನು ಆ ಜಾಗದಲ್ಲಿ ಹಿಂದುಮುಂದಾಗಿ ಮಡಿಸಿದರೆ ತುದಿ ಒಂದು ಕೂದಲಿನಷ್ಟು ಹೊರಗೆ ಇಣುಕುತ್ತದೆ. ಈಗ ಚಿಮುಟ. ಚೀಲದಲ್ಲಿ ಅದು ಇಲ್ಲದ ದಿನ ನಾನು ಹಲ್ಲಿನಿಂದ ಕಿತ್ತಿದ್ದೇನೆ. ಬಾಯಲ್ಲಿ ರಬ್ಬರಿನ ರುಚಿ ಮರುದಿನವೂ ಇತ್ತು.

ಒಂದು ಮುಳ್ಳು ಸಿಕ್ಕಿತೆಂದು ನಿಲ್ಲಿಸಬೇಡಿ, ಸುತ್ತ ಪೂರ್ತಿ ಸವರಿ. ಪ್ಯಾಚು ಹಾಕುವಾಗ ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಅದು ಒಣಗಿ ಮಂಕಾಗುವ ತನಕ ಕಾಯಿರಿ. ಒದ್ದೆ ಇದ್ದಾಗಲೇ ಒತ್ತಿದ ಪ್ಯಾಚು ಬಿಸಿಲಿಗೆ ಎದ್ದುಬರುತ್ತದೆ. ಟೈರಿನಲ್ಲಿ ಆಳವಾಗಿ ಹೂತು ಮುರಿದ ಮುಳ್ಳು ಬಾರದೇ ಹೋದರೆ ಒಳಗಿನಿಂದ ಒಂದು ಜೀನ್ಸ್ ಬಟ್ಟೆಯ ತುಂಡು ಮಡಿಸಿ ಇಡಿ. ನಮ್ಮೂರಿನಲ್ಲಿ ಅದಕ್ಕೆ ಬರವಿಲ್ಲ.

ಬಿಸಿಲು ಮತ್ತು ನೀರು

ಹನ್ನೆರಡರಿಂದ ಮೂರರವರೆಗೆ ಸೈಕಲ್ ಮೇಲಿರಬೇಡಿ. ಡಿಸೆಂಬರಿನಲ್ಲಿ ಬಿಸಿಲು ಅಷ್ಟೇನೂ ಇಲ್ಲವಲ್ಲ ಎನಿಸುತ್ತದೆ, ಮೋಸ ಇರುವುದು ಅಲ್ಲೇ. ಒಣಗಾಳಿಗೆ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಬೆವರಲಿಲ್ಲ, ಹಾಗಾಗಿ ನೀರು ಕುಡಿಯಲಿಲ್ಲ ಎಂದವರ ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ನಕ್ಷೆ ಮೂಡಿರುತ್ತದೆ. ಬಾಯಾರಿಕೆಗೆ ಕಾಯದೆ ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು, ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರು. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಲೀಟರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪನ್ನು ಅಂದಾಜಿನಲ್ಲಿ ಸುರಿಯಬೇಡಿ. ಮಜ್ಜಿಗೆ ಸಿಕ್ಕಲ್ಲೆಲ್ಲ ಕುಡಿಯಿರಿ.

ಜೊತೆಯವರು ಮಾತು ತೊದಲಿದರೆ, ಸಣ್ಣ ವಿಷಯಕ್ಕೆ ಸಿಡುಕಿದರೆ, ಮೈ ಕೆಂಡವಾಗಿದ್ದರೆ ಸುತ್ತು ಅಲ್ಲಿಗೇ ಮುಗಿಯಿತು. ನೆರಳಿಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು ಹಾಕಬಾರದು.

ಕಣೇಕಲ್ಲಿನ ಸುತ್ತ ಹೋದಾಗ ಕಣ್ಣಿಗೆ ನಂಬಿಕೆ ಬರುವುದಿಲ್ಲ. ಬೆಳಿಗ್ಗೆ ಮರಳ ದಿಬ್ಬದಲ್ಲಿದ್ದವರು ಮಧ್ಯಾಹ್ನ ಭತ್ತದ ಗದ್ದೆಯ ಅಂಚಿನಲ್ಲಿರುತ್ತೀರಿ. ಹೊಸಪೇಟೆಯ ತುಂಗಭದ್ರಾ ಜಲಾಶಯದಿಂದ ಬಳ್ಳಾರಿ ದಾಟಿ ಬರುವ ಮೇಲ್ಮಟ್ಟದ ಕಾಲುವೆಯ ನೀರು ಅದು. ಕಣೇಕಲ್ಲಿನ ದೊಡ್ಡ ಕೆರೆಗೂ ಅದೇ ಆಧಾರ. ಕಾಲುವೆ ಕಂಡ ಕೂಡಲೇ ಇಳಿದು ಮುಖ ತೊಳೆಯಬೇಕೆನಿಸುತ್ತದೆ. ಬೇಡ. ಪಕ್ಕದ ಕಾಂಕ್ರೀಟು ಪಾಚಿಗಟ್ಟಿ ಜಾರುತ್ತದೆ, ಒಳಗಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಊಟಕ್ಕೆ ಮುದ್ದೆಯೋ ಜೋಳದ ರೊಟ್ಟಿಯೋ ಸಿಕ್ಕರೆ ಅದನ್ನೇ ತಿನ್ನಿ, ಹೊಟ್ಟೆ ಬಿರಿಯುವಷ್ಟು ಬೇಡ. ಕೆರೆ ಏರಿಯ ಮೇಲೆ ನೆರಳು ನೋಡಿ ಒಂದು ನಿದ್ದೆ ಮಾಡಿ. ಸೈಕಲ್ಲಿನ ಚಕ್ರಕ್ಕೆ ಟವೆಲು ಕಟ್ಟಿ ಅದರ ತುದಿ ಮಣಿಕಟ್ಟಿಗೆ ಸುತ್ತಿಕೊಂಡು ಮಲಗುವುದು ನನ್ನ ಅಭ್ಯಾಸ. ಕಳ್ಳರ ಭಯಕ್ಕಲ್ಲ, ಸುತ್ತ ಸೇರುವ ಮಕ್ಕಳು ಗೇರನ್ನು ತಿರುಗಿಸಿ ನೋಡದೆ ಬಿಡುವುದಿಲ್ಲ.

ಮರಳುವ ದಾರಿ

ಮೂರಕ್ಕೆ ಎದ್ದು ಟೈರಿಗೆ ಮತ್ತೆ 50ರವರೆಗೆ ಗಾಳಿ ಹೊಡೆಯಿರಿ. ಮರಳಿಗೆಂದು ಬಿಟ್ಟ ಗಾಳಿಯನ್ನು ಮರೆತು ಡಾಂಬರಿನಲ್ಲಿ ಹೊರಟವರಿಗೆ ಸೈಕಲ್ ಅಂಟಿನ ಮೇಲೆ ಓಡಿದಂತೆ ಆಗುತ್ತದೆ, ಗುಂಡಿಗೆ ಬಿದ್ದರೆ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಟ್ಯೂಬು ಹಾವು ಕಚ್ಚಿದಂತೆ ಎರಡು ಕಡೆ ತೂತಾಗುತ್ತದೆ. ಚೈನನ್ನು ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಅದಕ್ಕೆ ನೀರು ಹಾಕಬೇಡಿ.

ಇನ್ನು ಗಾಳಿ ನಿಮ್ಮದು. ಬೆನ್ನಿಗೆ ಬಿದ್ದ ಗಾಳಿಯ ಗುರುತು ಏನೆಂದರೆ ಅದು ಕೇಳಿಸುವುದೇ ಇಲ್ಲ. ಬೆಳಗಿನಿಂದ ಕಿವಿಯಲ್ಲಿ ಗುಂಯ್ಗುಟ್ಟುತ್ತಿದ್ದದ್ದು ಹ್ಯಾಂಡಲ್ ತಿರುಗಿಸಿದ ಕ್ಷಣ ನಿಂತು, ಚೈನಿನ ಸದ್ದು, ಟೈರಿನ ಸದ್ದು ಕೇಳತೊಡಗುತ್ತವೆ. ನೆಮ್ಮದಿಯಾಯಿತೆಂದು ಗೇರ್ ಏರಿಸಿ ಓಡಿಸಬೇಡಿ. ಬೆನ್ನಗಾಳಿಯಲ್ಲಿ ಮೈ ತಣಿಸುವ ಗಾಳಿಯೂ ಇರುವುದಿಲ್ಲ, ಆಗ ಬೆವರು ಕಾಣತೊಡಗುತ್ತದೆ, ನೀರು ಬೇಗ ಮುಗಿಯುತ್ತದೆ. ಸೂರ್ಯ ಎದುರಿಗಿರುತ್ತಾನೆ, ಹಿಂದಿನಿಂದ ಬರುವ ವಾಹನದವರ ಕಣ್ಣಿಗೂ ಅದೇ ಸೂರ್ಯ ಹೊಡೆಯುತ್ತಿರುತ್ತಾನೆ, ನೀವು ಅವರಿಗೆ ಕಾಣದೇ ಹೋಗಬಹುದು. ನಾಲ್ಕೂವರೆಗೇ ಹಿಂದಿನ ದೀಪ ಹಚ್ಚಿ. ಶೇಂಗಾ, ಹುರುಳಿ ಒಕ್ಕಣೆಗೆ ರಸ್ತೆಯ ಮೇಲೆ ಹರಡಿದ್ದರೆ ಬಳಸಿ ಹೋಗಿ. ಹುರುಳಿಯ ಬಳ್ಳಿ ಫ್ರೀವೀಲಿಗೆ ಸುತ್ತಿದರೆ ಬಿಡಿಸಲು ಅರ್ಧ ಗಂಟೆ, ಅದರ ಒಡತಿಯ ಬೈಗುಳಕ್ಕೆ ಇನ್ನರ್ಧ.

ದುರ್ಗದ ಬೆಟ್ಟ ಬಹಳ ದೂರದಿಂದಲೇ ಕಾಣಿಸಿಕೊಳ್ಳುತ್ತದೆ. ಬಂತೆಂದು ಉಳಿದ ನೀರನ್ನು ಚೆಲ್ಲಬೇಡಿ, ಕಂಡ ಮೇಲೂ ಒಂದು ಗಂಟೆಯ ತುಳಿತ ಇರುತ್ತದೆ.

ಮನೆಗೆ ಬಂದ ಮೇಲೆ

ಸ್ನಾನ ಮಾಡುವ ಮೊದಲು ಸೈಕಲ್ಲಿನ ಧೂಳನ್ನು ಒಣ ಬ್ರಷ್ಷಿನಿಂದ ಝಾಡಿಸಿ. ಪೈಪಿನಿಂದ ನೀರು ಹೊಡೆದರೆ ಮರಳು ಬೇರಿಂಗಿನೊಳಗೆ ಹೋಗುತ್ತದೆ. ಪೆಡಲನ್ನು ಕಿವಿಗೆ ಹತ್ತಿರವಾಗಿ ತಿರುಗಿಸಿ. ಕರಕರ ಎಂದರೆ ಬಿಚ್ಚಿಸಿ ಗ್ರೀಸು ಹಾಕಿಸಬೇಕು. ಬ್ರೇಕಿನ ರಬ್ಬರಿನಲ್ಲಿ ಸಿಕ್ಕಿರುವ ಹರಳುಗಳನ್ನು ಮೊಳೆಯಿಂದ ಕೆದಕಿ, ಇಲ್ಲದಿದ್ದರೆ ಅವು ರಿಮ್ಮನ್ನು ಗೀರುತ್ತಲೇ ಇರುತ್ತವೆ. ಆಮೇಲೆ ಟೈರು ಪೂರ್ತಿ ಗಾಳಿ ತುಂಬಿಸಿಟ್ಟು ಮಲಗಿ. ಬೆಳಿಗ್ಗೆ ಎದ್ದು ಹೆಬ್ಬೆರಳಿನಿಂದ ಒತ್ತಿ ನೋಡಿ. ಅರ್ಧ ಇಳಿದಿದ್ದರೆ ಜಾಲಿಮುಳ್ಳೊಂದು ನಿಮ್ಮ ಜೊತೆಯಲ್ಲೇ ಮನೆಗೆ ಬಂದಿದೆ. ಚಿಮುಟ ಚೀಲದ ತಳದಲ್ಲಿ, ಶೇಂಗಾ ಸಿಪ್ಪೆಯ ಕೆಳಗೆ ಇರುತ್ತದೆ.